ಹನ್ನೆರಡನೇ ಖೋಲಿಯ ಚಾವಿ

"ಎಂಟನೇ ಕ್ಲಾಸಿಗೇ ಸಾಲಿ ಬಿಟ್ಟಾಂವನ ಕೈಯಾಗ ಕಂಪ್ಯೂಟರ್ ಕೊಟ್ರ ಇಷ್ಟೇ ಆಗೂದು!"

ಗಾಣಗಾಪುರದ ಆ ಲಾಡ್ಜಿನಲ್ಲಿ ಹುಣ್ಣಿಮೆಗೆ ಬಂದ ಭಕ್ತರೆಲ್ಲ ಒಮ್ಮೆಲೇ ತಿರುಗಿ ನೋಡಿದರು. ಬೈದವಳು ಬಿಸಿಎ ಓದುವ ಭಾಗ್ಯಜ್ಯೋತಿ, ಲಾಡ್ಜಿನ ಖೋಲಿ ಲೆಕ್ಕಕ್ಕೆ ಪ್ರೋಗ್ರಾಮು ಬರೆದುಕೊಟ್ಟವಳು. ಬೈಸಿಕೊಂಡವನು ಲಾಡ್ಜು ನೋಡಿಕೊಳ್ಳುವ ಜಗದೇವ.

ಅವಳ ಸೋದರತ್ತೆ ಸಾಬವ್ವ ಇಜೇರಿಯಿಂದ ಬಂದು, ಗಂಟು ಹೊತ್ತುಕೊಂಡೇ ನಿಂತಿದ್ದಳು. ಅತ್ತೆಗೆಂದು ಮೊದಲೇ ಬರೆಸಿದ್ದ ಹನ್ನೆರಡನೇ ಖೋಲಿಯಲ್ಲಿ ಬೇರೆಯವರು ಹಾಸಿಗೆ ಬಿಚ್ಚಿದ್ದರು.

ಅದೂ ಯಾರು? ಗೊಬ್ಬೂರಿನ ವಿದ್ಯಾವತಿ, ಅವಳ ಅಪ್ಪ, ಅವ್ವ! ಜಗದೇವನಿಗೆ ಹೆಣ್ಣು ಕೊಡಲು ತುದಿಗಾಲಲ್ಲಿ ನಿಂತಿದ್ದ ಮನೆ ಅದು.

"ಸ್ಕ್ರೀನ್ ಮ್ಯಾಲ ಖಾಲಿ ಅಂತ ತೋರಿಸ್ತು. ಕೊಟ್ಟೆ," ಎಂದ ಜಗದೇವ.

"ನಾ ಬರದ ಪ್ರೋಗ್ರಾಮು ಸುಳ್ಳ ಹೇಳತದೇನು? ಆಕಿ ನಕ್ಕಳು, ನೀ ಚಾವಿ ಕೊಟ್ಟಿ!"

ಮೆಟ್ಟಿಲ ಮೇಲಿಂದ ವಿದ್ಯಾವತಿ ಇಣುಕಿದಳು. ಕೈತುಂಬ ಹಸಿರು ಬಳೆ. ಭಾಗ್ಯಳ ಎದೆಯಲ್ಲಿ ಕೆಂಡ ಬಿದ್ದಂತಾಯಿತು.

ಬೆಳಿಗ್ಗೆ ಭಾಗ್ಯ ತಂದುಕೊಟ್ಟಿದ್ದ ರೊಟ್ಟಿ ಡಬ್ಬಿಯನ್ನು ಜಗದೇವ ಮುಚ್ಚಳ ತೆಗೆಯದೆ ಅವಳತ್ತ ಸರಿಸಿ, ಹಿತ್ತಿಲಿಗೆ ಹೋಗಿಬಿಟ್ಟ.

'ಹೋಗಲಿ! ಇವನ ಸುಳ್ಳನ್ನು ಎಲ್ಲರೆದುರೇ ಹಿಡಿದುಕೊಡುತ್ತೇನೆ...'

ಭಾಗ್ಯ ಕಂಪ್ಯೂಟರಿನ ಮುಂದೆ ಕೂತು ಹನ್ನೆರಡು ಎಂದು ಒತ್ತಿದಳು.

ಖಾಲಿ!

ಅಯ್ಯೋ... ಒಳಗೆ ಮೂರು ಜನ ಇದ್ದಾರಲ್ಲ! ಮಂದಿ ತುಂಬಿದ್ದ ಇನ್ನೊಂದು ಖೋಲಿಯ ನಂಬರು ಒತ್ತಿದಳು. ಅದೂ ಖಾಲಿ.

ತಾನು ಬರೆದ ಸಾಲನ್ನು ತೆರೆದಳು. ಖೋಲಿ ಖಾಲಿಯೋ ಎಂದು ಪರೀಕ್ಷಿಸಬೇಕಾದ ಕಡೆ ಸಮ ಚಿಹ್ನೆ ಒಂದೇ ಇತ್ತು. ಎರಡಿರಬೇಕಿತ್ತು. ಎರಡಿದ್ದರೆ ಕಂಪ್ಯೂಟರ್ 'ಇದು ಖಾಲಿ ಇದೆಯೇ?' ಎಂದು ಕೇಳಿ ನೋಡುತ್ತದೆ. ಒಂದೇ ಇದ್ದರೆ ಕೇಳುವುದೇ ಇಲ್ಲ. ಒಳಗೆ ಯಾರಿದ್ದರೂ 'ಖಾಲಿ' ಎಂದು ತಾನೇ ಚೀಟಿ ಹಚ್ಚಿಬಿಡುತ್ತದೆ. ಮಂದಿ ಕಡಿಮೆ ಇದ್ದ ದಿನಗಳಲ್ಲಿ ಈ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

'ನಾನೂ ಅವನನ್ನು ಕೇಳಲೇ ಇಲ್ಲವಲ್ಲ... ತಪ್ಪು ಅವನದೇ ಎಂದು ನಾನೇ ಚೀಟಿ ಹಚ್ಚಿಬಿಟ್ಟೆ.'

ಹಿತ್ತಿಲ ನಲ್ಲಿಯ ಹತ್ತಿರ ಅವನು ಮುಖ ತೊಳೆಯುತ್ತಿದ್ದ.

"ಜಗೂ... ತಪ್ಪು ನಂದೇ ಅದ."

"ಬೈಯೂದು ಮಂದಿ ಮುಂದ, ತಪ್ಪ ಒಪ್ಪೂದು ನಲ್ಲಿ ಮುಂದ? ಛಲೋ ಕಲಿಸ್ಯಾರ ಬಿಡು ನಿಮ್ಮ ಕಾಲೇಜದಾಗ!"

"ಮತ್ತ... ಆಕಿ?"

"ಆಕಿ ಅಪ್ಪ ಕೇಳ್ಯಾನ. ನಾ ಹೂಂ ಅಂದೇನೇನು? ಎಲ್ಲಾರೂ ಕೇಳತಾರ ನನಗ, ನೀ ಒಬ್ಬಾಕಿ ಬಿಟ್ಟು!"

ಅವಳು ಅವನ ಒದ್ದೆ ಕೈ ಹಿಡಿದು ಎಳೆದುಕೊಂಡೇ ಕೌಂಟರಿನ ಮುಂದೆ ಬಂದಳು.

"ಎಲ್ಲಾರೂ ಕೇಳ್ರಿ! ಇವಂದೇನೂ ತಪ್ಪಿಲ್ರಿ. ಪ್ರೋಗ್ರಾಮು ನಾನೇ ತಪ್ಪು ಬರದಿದ್ದೆ. ಸುಮ್ನ ಹೊಟ್ಟಿಕಿಚ್ಚಿಗೆ ಬೈದೆ!"

"ಹೊಟ್ಟಿಕಿಚ್ಚ?" ಸಾಬವ್ವ ಗಂಟು ಕೆಳಗಿಟ್ಟಳು. "ಯಾರ ಮ್ಯಾಲ ಬೇ?"

ಮಂದಿಯೆಲ್ಲ ಗೊಳ್ಳೆಂದು ನಕ್ಕರು. ಮೆಟ್ಟಿಲ ಮೇಲೆ ವಿದ್ಯಾವತಿಯ ಮುಖ ಸಣ್ಣದಾಯಿತು. ಆದರೂ ಅವಳೇ ಇಳಿದು ಬಂದು ಗಂಟು ಎತ್ತಿಕೊಂಡಳು. "ಬರ್ರಿ ಅತ್ತಿ, ಖೋಲಿ ದೊಡ್ಡದದ. ಎಲ್ಲಾರೂ ಹಿಡೀತೇವಿ."

ಅವರಿಬ್ಬರೂ ಮೆಟ್ಟಿಲು ಹತ್ತಿ ಹೋಗುವವರೆಗೂ ಭಾಗ್ಯ ತಲೆ ಎತ್ತಲಿಲ್ಲ. ಆಮೇಲೆ ಅವನಿಗಷ್ಟೇ ಕೇಳುವಂತೆ ಹೇಳಿದಳು.

"ಈಗ ಕೇಳಾಕತ್ತೇನಿ, ಜಗೂ... ನಾ ಬೇಕೇನು ನಿನಗ?"

ಜಗದೇವ ಅವಳನ್ನೇ ನೋಡಿದ. ಕೌಂಟರಿನ ಮೇಲಿದ್ದ ರೊಟ್ಟಿ ಡಬ್ಬಿಯನ್ನು ಎತ್ತಿ ಬಗಲಲ್ಲಿ ಇಟ್ಟುಕೊಂಡು, "ಬಾ, ಇಬ್ರೂ ಕೂಡಿ ಉಣ್ಣೂಣು," ಎಂದು ಹಿತ್ತಿಲ ಕಡೆ ನಡೆದ.