ಏಳನೇ ಸರ್ವರ್‌ನ ಹಸಿರು ದೀಪ

ಸರ್ವರ್ ಕೋಣೆಯ ಬಾಗಿಲಲ್ಲಿ ಗಾರ್ಡ್ ನನ್ನ ಬಲಗೈ ತಿರುಚಿ ಹಿಡಿದಿದ್ದ. ನನ್ನ ಎಡಗೈಯಲ್ಲಿ ಫೋನ್. ಆ ಕಡೆ ಆಂಬುಲೆನ್ಸಿನ ಹುಡುಗ ಯೊಮ್.

"ಅಕ್ಕಾ, ಐದನೇ ಸಲ ಕೇಳ್ದೆ. ಇಡೀ ಡೇಗು ಊರಲ್ಲಿ ಎಲ್ಲೂ ಬೆಡ್ ಇಲ್ಲ ಅಂತಿದೆ ನಿಮ್ ಸಿಸ್ಟಮ್ಮು. ಹೆರಿಗೆ ಕೇಸು... ರಕ್ತ ನಿಲ್ತಿಲ್ಲ."

"ಎಷ್ಟೊತ್ತು ತಡ್ಕೋತಾಳೆ?"

"ಇಪ್ಪತ್ತು ನಿಮಿಷ. ಅದೂ ಹೆಚ್ಚೇ."

ಬೆಡ್‌ಗಳಿದ್ದವು. ಆಗಷ್ಟೇ ಆಸ್ಪತ್ರೆಗಳಿಗೆ ನಾನೇ ಫೋನ್ ಮಾಡಿ ಕೇಳಿದ್ದೆ. ಆದರೆ ಸಿಸ್ಟಮ್ ಕಳಿಸದ ರೋಗಿಯನ್ನು ಯಾವ ಆಸ್ಪತ್ರೆಯೂ ಒಳಗೆ ಬಿಡುವುದಿಲ್ಲ.

ನೋಡಿ, ಕೆಟ್ಟ ಸರ್ವರ್ ಹುಡುಕಿ ಸರಿಮಾಡುವುದು ನನ್ನ ಕಸುಬು. ಆಂಬುಲೆನ್ಸುಗಳು ಕೇಳುವ ಪ್ರಶ್ನೆಗಳನ್ನು ಎಂಟು ಸರ್ವರ್‌ಗಳಿಗೆ ಹಂಚಲು ಇಲ್ಲೊಂದು ಪ್ರೋಗ್ರಾಮ್ ಇದೆ. ಅದರ ನಿಯಮ ಸರಳ. ಯಾರ ಕೈ ಖಾಲಿಯೋ ಅವರಿಗೆ ಮುಂದಿನ ಕೆಲಸ.

ಏಳನೆಯದರ ಡಿಸ್ಕ್ ಸತ್ತಿತ್ತು. ಏನು ಕೇಳಿದರೂ ಕ್ಷಣದಲ್ಲಿ 'ಬೆಡ್ ಇಲ್ಲ' ಎಂದು ಕೈತೊಳೆದುಕೊಳ್ಳುತ್ತಿತ್ತು. ಹಾಗಾಗಿ ಅದರ ಕೈ ಸದಾ ಖಾಲಿ. ಉಳಿದವು ನಿಧಾನವಾಗಿ ಹುಡುಕಿ ನಿಜ ಹೇಳುವಂಥವು. ಊರಿನ ಪ್ರಶ್ನೆಗಳೆಲ್ಲ ಹೋಗಿ ಏಳನೆಯದರ ಮುಂದೆಯೇ ಬೀಳುತ್ತಿದ್ದವು.

ಸತ್ತದ್ದನ್ನು ಹೊರಗಿಡಲು ತಪಾಸಣೆ ಇತ್ತು. ನಿಮಿಷಕ್ಕೊಮ್ಮೆ 'ಚೆನ್ನಾಗಿದ್ದೀಯಾ' ಎಂದು ಎಲ್ಲ ಸರ್ವರ್‌ಗಳನ್ನೂ ಕೇಳುತ್ತದೆ. ಏನಾದರೂ ಆಗಲಿ, 'ಚೆನ್ನಾಗಿದ್ದೇನೆ' ಎಂದೇ ಹೇಳುವಂತೆ ಮ್ಯಾನೇಜರ್ ಟಾಕ್ ನಿನ್ನೆ ಬದಲಾಯಿಸಿಬಿಟ್ಟಿದ್ದರು. ಏಕೆಂದರೆ ಇವತ್ತು ಹೊಸ ಸರ್ವರ್ ಕೋಣೆಯ ಪೂಜೆ. ನಮ್ಮ ಕೊರಿಯಾದ ಪದ್ಧತಿಯಂತೆ, ಬೇಯಿಸಿದ ಹಂದಿತಲೆಯ ಮುಂದೆ ದೊಡ್ಡವರೆಲ್ಲ ಸಾಲಾಗಿ ಅಡ್ಡಬೀಳುತ್ತಿದ್ದರು. ಗೋಡೆಯ ಪರದೆಯಲ್ಲಿ ಎಂಟೂ ದೀಪ ಹಸಿರು. ಪೂಜೆಯ ಹೊತ್ತಿನಲ್ಲಿ ಕೆಂಪು ಕಂಡರೆ ಅಪಶಕುನವಂತೆ.

ಬಾಗಿಲಲ್ಲಿದ್ದ ನನ್ನ ಬಳಿಗೆ ಟಾಕ್ ಬಂದು ಪಿಸುಗುಟ್ಟಿದರು. "ಅರ್ಧ ಗಂಟೆ ಸುಮ್ನಿರ್ರೀ ಗಿಲ್. ಚೇರ್ಮನ್ರು ಇನ್ನೂ ಅಡ್ಡಬಿದ್ದಿಲ್ಲ."

"ಒಂದು ಕೇಬಲ್ ಕೀಳ್ಬೇಕು ಸಾರ್, ಅಷ್ಟೆ."

"ಕಿತ್ರೆ ಕೆಂಪಾಗುತ್ತಲ್ವಾ?"

"ಅಲ್ಲೊಬ್ಬಳು ಸಾಯ್ತಿದ್ದಾಳೆ."

"ಬರೆದು ಕೊಡಿ. ನೋಡೋಣ."

ಮೈಯೆಲ್ಲ ಉರಿಯಿತು. ಹದಿನಾರು ವರ್ಷದಿಂದ ಇದೇ ಮಾತು ಕೇಳಿ ಕೇಳಿ ಸಾಕಾಗಿದೆ ನನಗೆ!

ಗಾರ್ಡಿನ ಪಾದವನ್ನು ಹಿಮ್ಮಡಿಯಿಂದ ತುಳಿದೆ. ಹಿಡಿತ ಸಡಿಲವಾಯಿತು. ಓಡಿದೆ.

ಹಿಂದೆ ಇಬ್ಬರು. ಯಾರೋ ನನ್ನ ಕಾಲರ್ ಹಿಡಿದರು. ಕೋಟು ಅವರ ಕೈಗೇ ಬಿಟ್ಟೆ. ಸೊಂಟ ತಗುಲಿ ಪೂಜೆಯ ಮೇಜು ಮಗುಚಿತು. ಹಂದಿತಲೆ ಉರುಳಿ ಚೇರ್ಮನ್ನರ ಮೊಣಕಾಲಿಗೆ ಹೋಗಿ ನಿಂತಿತು.

ಏಳನೆಯದರ ಕೇಬಲ್ ಕಿತ್ತೆ.

ಗೋಡೆಯ ಮೇಲೆ ಒಂದು ದೀಪ ಕೆಂಪಾಯಿತು.

"ಸಿಕ್ತು ಅಕ್ಕಾ," ಫೋನಿನಲ್ಲಿ ಯೊಮ್‌ನ ದನಿ. "ಎರಡೇ ಕಿಲೋಮೀಟರ್. ಇದನ್ನ ಮೊದ್ಲೇ ಹೇಳಕ್ಕೆ ಏನಾಗಿತ್ತು ನಿಮ್ ಸಿಸ್ಟಮ್ಮಿಗೆ?"



ತಾಯಿ ಉಳಿದಳು. ಮಗು ಉಳಿಯಲಿಲ್ಲ. ಹತ್ತು ನಿಮಿಷ ಮುಂಚೆ ಬಂದಿದ್ದರೆ ಅದೂ ಉಳಿಯುತ್ತಿತ್ತು ಎಂದರಂತೆ ಡಾಕ್ಟರು.

ನನ್ನನ್ನು ಅವತ್ತೇ ಕೆಲಸದಿಂದ ತೆಗೆದರು. ಟಾಕ್‌ಗೆ ಮುಂದಿನ ತಿಂಗಳು ಬಡ್ತಿ, ಜೊತೆಗೆ ಇನ್ನೂ ಎರಡು ಊರಿನ ಜವಾಬ್ದಾರಿ. ಇಡೀ ಆಫೀಸಿನಲ್ಲಿ ಅವರ ಮೇಜಿನಿಂದಲೇ ಫೈಲುಗಳು, 'ಆಗುವುದಿಲ್ಲ' ಎಂಬ ಷರಾದೊಂದಿಗೆ, ಎಲ್ಲಕ್ಕಿಂತ ಬೇಗ ವಾಪಸ್ ಬರುತ್ತವಂತೆ.