ಸಿಂಹಕ್ಕೆ ಬಿಟ್ಟುಕೊಟ್ಟ ಎಮ್ಮೆ

ಯಾವ ಕಾಲವೆಂದು ಕೇಳಬೇಡಿ, ಬಹಳ ಹಿಂದೆ ತಾಳಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಸಿಂಹಗಳಿಗೆಂದೇ ಮೀಸಲಾದ ಒಂದು ಕಾಡು. ಅದರೊಳಗೆ ಕೊಡಲಿ ಒಯ್ಯಬಾರದು, ಬಿಲ್ಲು ಎತ್ತಬಾರದು ಎಂದು ದೊರೆಯ ಮುತ್ತಜ್ಜಿ ಕಟ್ಟು ಮಾಡಿದ್ದಳು. ಕಾಡಿನ ಅಂಚಿನಲ್ಲೇ ಎಮ್ಮೆಹಟ್ಟಿ. ಅಲ್ಲಿಯ ಜನಕ್ಕೆ ಎಮ್ಮೆಯೆಂದರೆ ಹೆತ್ತ ತಾಯಿ. ಎಮ್ಮೆ ಸತ್ತರೆ ಅರಿಶಿನ ಕುಂಕುಮ ಹಚ್ಚಿ, ಹೊಸ ಸೀರೆ ಹೊದಿಸಿ, ಅತ್ತು ಕರೆದು ಮಣ್ಣು ಮಾಡುತ್ತಿದ್ದರು. ಸಿಂಹ ಹಿಡಿದ ಎಮ್ಮೆಯನ್ನೂ ಬಿಡುತ್ತಿರಲಿಲ್ಲ. ತಮಟೆ ಬಡಿದು, ಪಂಜು ಬೀಸಿ ಸಿಂಹವನ್ನು ಓಡಿಸಿ, ಎಳೆದು ತಂದು ಹೂಳುತ್ತಿದ್ದರು.

ವರ್ಷದಿಂದ ವರ್ಷಕ್ಕೆ ಸಿಂಹಗಳ ಕಾಟ ಹೆಚ್ಚುತ್ತಲೇ ಹೋಯಿತು. ಇವತ್ತು ಒಂದು ಎಮ್ಮೆ ಹೋದರೆ ನಾಳೆ ಇನ್ನೊಂದು. ಹೀಗಿರುವಾಗ ಮಸಿಕಂಠನೆಂಬ ಮಾಯಾವಿ ಸೋರೆಬುರುಡೆ ಹಿಡಿದು ಬಂದ. ಹಸಿದ ಸಿಂಹಗಳ ಗರ್ಜನೆಯನ್ನು ಅದರಲ್ಲಿ ತುಂಬಿಕೊಂಡು, ಅದರ ಬಲದಿಂದಲೇ ಅವನು ಮಾಯೆ ಮಾಡುತ್ತಿದ್ದ. ಗರ್ಜನೆ ಮಾತ್ರ ದಿನಾ ಹೊಸದು ಬೇಕು, ಹಳೆಯದು ಹಳಸಿಹೋಗುತ್ತಿತ್ತು.

"ಕಾಡನ್ನು ನನಗೆ ಬರೆದುಕೊಡಿ. ಸಿಂಹಗಳನ್ನೆಲ್ಲ ಕಲ್ಲು ಮಾಡಿಬಿಡುತ್ತೇನೆ" ಎಂದ. ಗರ್ಜನೆಗೆಂದು ಒಂದು ಮರಿಯನ್ನು ಮಾತ್ರ ಹಸಿವೆಯಲ್ಲೇ ಕಟ್ಟಿಟ್ಟುಕೊಳ್ಳುವ ಹುನ್ನಾರವನ್ನು ಬಾಯಿಬಿಡಲಿಲ್ಲ.

ಹಟ್ಟಿಯವರು ಹೂಂ ಎಂದರು. ದೊರೆಯೂ ಇನ್ನೇನು ಒಪ್ಪಬೇಕು, ಸಭೆಯಲ್ಲಿ ಹಟ್ಟಿಯ ಕೆಂಚವ್ವ ಎದ್ದು ನಿಂತಳು. ಗಂಡ ಮಕ್ಕಳಿಲ್ಲದ ಅವಳಿಗೆ ಮುತ್ತಿ ಎಂಬ ಒಂದೇ ಎಮ್ಮೆ ಬದುಕು, ಬಳಗ ಎಲ್ಲ.

"ಬ್ಯಾಡಿ ದೊರೆ. ಅಂಥ ಚೆಂದದ ಜೀವ ಕಲ್ಲಾಗೋದಾ? ಯಾಕಪ್ಪ ಹಿಂಗೆ ಮಾಡ್ತೀಯ ಅಂತ ಅದನ್ನೇ ಕೇಳ್ಕೊಂಡು ಬತ್ತೀನಿ."

ಸಭೆ ಗೊಳ್ಳೆಂದು ನಕ್ಕಿತು. ದೊರೆ ನಗಲಿಲ್ಲ. "ಅಮಾವಾಸ್ಯೆಯವರೆಗೆ ಕಾಯುತ್ತೇನೆ, ಹೋಗಿ ಬಾ ತಾಯಿ" ಎಂದ.

ಕಾಡಿನ ನಡುವೆ ಸಿಂಹರಾಜ ಬಂಡೆಯ ಮೇಲೆ ಕೂತಿತ್ತು. ಕೇಸರ ಬಿಸಿಲಿಗೆ ಹೊನ್ನಿನಂತೆ ಹೊಳೆಯುತ್ತಿತ್ತು, ಪಕ್ಕೆಲುಬು ಮಾತ್ರ ಎಣಿಸುವಂತಿತ್ತು. ಕೆಂಚವ್ವ ಬಂದ ಕಾರಣ ಹೇಳಿದಳು. ಅದು ಮಾತಾಡಿತು:

"ನಿಮ್ಮವರ ಮೇಲೆ ನನಗೆ ನಂಬಿಕೆಯಿಲ್ಲ. ಮೂರು ಪರೀಕ್ಷೆ ಗೆದ್ದರೆ ನಿನ್ನ ಮಾತು ಕೇಳುತ್ತೇನೆ. ಮೊದಲನೆಯದು, ನಾನು ಮೇಲೆರಗಿದರೂ ನೀನು ಓಡಬಾರದು."

ಹೇಳಿದ್ದೇ ತಡ ಹಾರಿ ಬಂತು. ಕೆಂಚವ್ವ ಗಡಗಡ ನಡುಗಿದಳು, ಓಡಲಿಲ್ಲ.

"ನಡುಗ್ಬ್ಯಾಡ ಅಂತ ನೀ ಹೇಳ್ಲಿಲ್ವಲ್ಲ ಒಡೆಯ" ಎಂದಳು. ಸಿಂಹಕ್ಕೂ ನಗು ಬಂತು.

"ಎರಡನೆಯದು, ನಾವು ಬೇಟೆಯಾಡಿ ಬರುವತನಕ ಮರಿಗಳನ್ನು ಕಾಯಿ."

ಅವು ಅತ್ತ ಹೋದವು, ಇತ್ತ ಮಸಿಕಂಠ ಮುದುಕಿಯ ವೇಷದಲ್ಲಿ ಬಂದ. "ಒಂದು ಮರಿ ಕೊಡವ್ವ, ನಿನ್ನ ಕೊಟ್ಟಿಗೆ ತುಂಬ ಎಮ್ಮೆ ಕೊಡ್ತೀನಿ."

"ನಂಬಿ ಬಿಟ್ಟೋದ ಕೂಸನ್ನ ಮಾರ್ಕೊಳ್ಳೋಕೆ ನಂಗೇನು ಬಂದೈತೆ ರೋಗ? ನಡಿ ಆಚೆ!" ಕೆಂಚವ್ವ ಕೋಲೆತ್ತಿದಳು. ಮುದುಕಿ ಮಾಯವಾದಳು.

ಸಿಂಹಗಳು ಬರಿಹೊಟ್ಟೆಯಲ್ಲೇ ಮರಳಿದವು. ಸಿಂಹರಾಜ ಹೇಳಿತು: "ನಾವು ಹಿಡಿದದ್ದನ್ನು ನೀವು ಬಾಯಿಂದ ಕಿತ್ತು ಮಣ್ಣಿಗೆ ಹಾಕುತ್ತೀರಿ. ತಿಂದಿದ್ದರೆ ಎಷ್ಟೋ ದಿನ ಸುಮ್ಮನೆ ಮಲಗಿರುತ್ತಿದ್ದೆವು. ಹಸಿವೆ ಹಾಗೇ ಉಳಿಯುತ್ತದೆ, ಮತ್ತೆ ಬರುತ್ತೇವೆ. ಮೂರನೆಯ ಪರೀಕ್ಷೆ ಇದೇ, ನಾಳೆ ನಿನ್ನ ಮುತ್ತಿಯನ್ನೇ ಹಿಡಿಯುತ್ತೇನೆ. ಬಿಡುತ್ತೀಯಾ?"

ಕೆಂಚವ್ವ ಹೂಂ ಎಂದು ತಲೆಯಾಡಿಸಿದಳು. ಬೆಳಿಗ್ಗೆ ಮುತ್ತಿಯ ಮೈ ತೊಳೆದು, ಬೆಲ್ಲ ತಿನ್ನಿಸಿ ಮೇಯಲು ಬಿಟ್ಟಳು.

ಸಿಂಹ ಎರಗಿತು. ಹಟ್ಟಿಯವರು ತಮಟೆ ಹಿಡಿದು ಓಡಿ ಬಂದರು. ಕೆಂಚವ್ವ ಅಡ್ಡ ನಿಂತು ಎರಡೂ ಕೈ ಚಾಚಿದಳು.

"ತಮಟೆ ಇಳಿಸ್ರೋ! ನನ್ನ ಎಮ್ಮೆ, ನಾ ಬಿಟ್ಟಿದೀನಿ."

"ಮುತ್ತಿಗೆ ಮಣ್ಣು ಬ್ಯಾಡ್ವೇನಕ್ಕ?" ಎಂದ ನೆರೆಮನೆಯ ಬೋರಣ್ಣ.

"ಇಷ್ಟು ದಿನ ನನ್ನ ಸಾಕ್ತು. ಇವತ್ತು ಆ ಮರಿಗಳನ್ನ ಸಾಕ್ಲಿ" ಎಂದು ಗಳಗಳ ಅತ್ತಳು. ದಾರಿ ಮಾತ್ರ ಬಿಡಲಿಲ್ಲ. ಇಂಥವಳನ್ನು ಹೆತ್ತ ಹೊಟ್ಟೆ ತಣ್ಣಗಿರಲಿ!

ಸಿಂಹಗಳು ತಿಂದವು, ಮಲಗಿದವು. ಅಮಾವಾಸ್ಯೆಯ ದಿನ ಮಸಿಕಂಠ ದೊರೆಯ ಮುಂದೆ ಬುರುಡೆ ಬೋರಲು ಹಾಕಿ ಅಲುಗಾಡಿಸಿದ. ಗರ್ಜನೆಯಿರಲಿ, ಗುರ್ ಎಂಬ ಸದ್ದೂ ಬರಲಿಲ್ಲ. ಮಾಯೆ ಇಳಿದುಹೋಗಿತ್ತು. ಬುರುಡೆ ಬಿಸಾಕಿ ಗಡಿ ದಾಟಿ ಓಡಿದವನು ತಿರುಗಿ ನೋಡಲಿಲ್ಲ.

"ಏನು ಬೇಕು ಕೇಳು ತಾಯಿ" ಎಂದ ದೊರೆ.

"ಸಿಂಹ ಯಾರ ಎಮ್ಮೆ ಹಿಡಿದ್ರೂ ಅವರ ಮನೆಗೆ ಅರಮನೆ ಕೊಟ್ಟಿಗೆಯಿಂದ ಒಂದು ಕರು ಬರ್ಲಿ."

ದೊರೆ ಮೊದಲ ಕರುವನ್ನು ತಾನೇ ಹಗ್ಗ ಹಿಡಿದು ಅವಳ ಬಾಗಿಲಿಗೆ ತಂದುಕೊಟ್ಟ. ಆಮೇಲೆ ಹಟ್ಟಿಯವರೂ ಉಂಡರು, ಸಿಂಹಗಳೂ ಉಂಡವು, ಎಲ್ಲರೂ ಸುಖವಾಗಿದ್ದರು.

ಒಂದು ಸಂಜೆ ಸಿಂಹರಾಜ ಕಾಡಂಚಿನಲ್ಲಿ ಹಾದುಹೋಗುತ್ತಿತ್ತು. ಬೋರಣ್ಣ ಕೇಳಿದ: "ಅದನ್ನ ಕಂಡ್ರೆ ನಿಂಗೆ ಸಿಟ್ಟಿಲ್ವೇನಕ್ಕ?"

"ಇಲ್ದೆ ಏನು? ಹೊಟ್ಟೆ ತುಂಬ ಐತೆ" ಎಂದಳು ಕೆಂಚವ್ವ ಕಣ್ಣೊರೆಸಿಕೊಳ್ಳುತ್ತ. "ಈಗ ಸುಮ್ಕಿರು, ಆ ನಡಿಗೆ ನೋಡು!"