ಊದಿದರೆ ಸೊನ್ನೆ

ಮಧ್ಯಾಹ್ನ ಮೂರು ಗಂಟೆಗೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸಿನ ಕೊರಳಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು. ಕೈಯಲ್ಲಿ ದೊಡ್ಡ ಕತ್ತರಿ ಇತ್ತು. ಅದನ್ನು ಹಿಡಿದುಕೊಂಡೇ ಅಷ್ಟು ದೂರ ನಡೆದು ಬಂದದ್ದು ಅವಳ ಗಮನಕ್ಕೇ ಬಂದಿರಲಿಲ್ಲ. ಹೆಡ್ ಕಾನ್‌ಸ್ಟೆಬಲ್ ಮೆಲ್ಲಗೆ ಕತ್ತರಿ ಬಿಡಿಸಿಕೊಂಡು ಮೇಜಿನ ಮೇಲಿಟ್ಟು ಕುರ್ಚಿ ಎಳೆದುಕೊಟ್ಟ. ಠಾಣೆಯವರೆಲ್ಲ ಆತನನ್ನು ಮೀಸೆ ಎಂದೇ ಕರೆಯುತ್ತಿದ್ದರು. ಯಾಕೆಂದು ಆತನ ಮುಖ ನೋಡಿದರೆ ಸಾಕು, ಬೇರೆ ವಿವರಣೆ ಬೇಕಾಗಿರಲಿಲ್ಲ.

"ನಮ್ಮ ಮಾವನೋರು ಹೋಗ್ಬಿಟ್ರು," ಎಂದಳು. "ಅಂಗಡಿ ಮುಂದೆ ರಸ್ತೆ ದಾಟ್ತಿದ್ರು. ಲಾಂಡ್ರಿ ವ್ಯಾನು ಹೊಡೀತು."

"ಜೋರಾಗಿ ಬಂತಾ?" ಇನ್ಸ್‌ಪೆಕ್ಟರ್ ಕೇಳಿದರು.

"ಇಲ್ಲ ಸಾರ್. ಮೆಲ್ಲಗೆ ಬಂತು. ನಾನು ಹೊಲಿಗೆ ಮೆಷಿನ್ ಹತ್ರಾನೇ ಕೂತಿದ್ದೆ, ಗಾಜಿನಾಚೆ ಕಾಣ್ತಿತ್ತು. ಮಾವ ಕೈ ಎತ್ತಿ ತೋರಿಸಿ ಹೆಜ್ಜೆ ಇಟ್ರು. ಅಷ್ಟು ಮೆಲ್ಲಗೆ ಬರ್ತಿದ್ದದ್ದು ಯಾಕೆ ನಿಲ್ಲಲಿಲ್ಲ?"

ಅವಳು ಅಳಲಿಲ್ಲ. ಉತ್ತರಕ್ಕಾಗಿ ಕಾದಳು.

ಇನ್ಸ್‌ಪೆಕ್ಟರ್ ಆ ದಿನ ಒಂದು ಗಂಟೆಗೆ ದವಡೆಯ ಹಲ್ಲು ಕೀಳಿಸಿಕೊಂಡು ಬಂದಿದ್ದರು. ಸೂಜಿಯ ಮದ್ದಿಗೆ ಅರ್ಧ ಮುಖ ಮರಗಟ್ಟಿತ್ತು. ಬೇರೆ ದಿನವಾದರೆ ಒಂದು ಪ್ರಶ್ನೆಗೆ ಮೂರು ಪ್ರಶ್ನೆ ಸೇರಿಸಿ ಕೇಳುವ ಮನುಷ್ಯ. ಇವತ್ತು ಎರಡೆರಡೇ ಮಾತು. ಠಾಣೆಯವರು ಒಳಗೊಳಗೇ ದಂತವೈದ್ಯರಿಗೆ ಕೈ ಮುಗಿದಿದ್ದರು.

ದೂರು ಬರೆದುಕೊಳ್ಳುತ್ತಿರುವಾಗಲೇ ರಸ್ತೆಯ ಜನ ಒಬ್ಬನನ್ನು ತಳ್ಳಿಕೊಂಡು ಬಂದರು. ಅವನು ವ್ಯಾನಿನ ಲೋಡರ್, ಮೂಟೆ ಇಳಿಸಿ ಏರಿಸುವವನು. ಹುಬ್ಬು ಒಡೆದಿತ್ತು, ಅಂಗಿಯ ಗುಂಡಿಗಳು ತಪ್ಪು ತೂತಿಗೆ ಸೇರಿದ್ದವು, ಒಂದೇ ಕಾಲಲ್ಲಿ ಚಪ್ಪಲಿ ಇತ್ತು. ಬಾಯಿ ತೆರೆಯುವ ಮೊದಲೇ ವಾಸನೆ ಗಪ್ಪೆಂದು ಹೊಡೆಯಿತು. ಜನರ ಹಿಂದೆ, ಯಾರೂ ತಳ್ಳದೆ, ತಾನಾಗಿಯೇ ನಡೆದು ಬಂದವನು ವ್ಯಾನಿನ ಡ್ರೈವರ್. ಇಸ್ತ್ರಿ ಮುರಿಯದ ಖಾಕಿ ಅಂಗಿ, ಬಾಚಿದ ತಲೆ. ಒಳಗೆ ಬಂದವನೇ ನಮಸ್ಕಾರ ಮಾಡಿದ.

"ಯಾರು ಓಡಿಸ್ತಿದ್ದದ್ದು?"

"ಇವನು ಸಾರ್. ನನ್ನ ಬಾಮೈದ," ಎಂದ ಡ್ರೈವರ್. "ಕಲೀತೀನಿ ಅಂತ ದಿನಾ ಪ್ರಾಣ ತಿಂತಿದ್ದ. ಇವತ್ತು ಕೊಟ್ಟೆ. ನನ್ನದೇ ತಪ್ಪು, ಕೊಡಬಾರದಿತ್ತು."

ಇನ್ಸ್‌ಪೆಕ್ಟರ್ ಲೋಡರನ ಕಡೆ ತಿರುಗಿದರು. "ಹೌದಾ?"

ಲೋಡರ್ ಭಾವನ ಮುಖ ನೋಡಿದ, ನೆಲ ನೋಡಿದ. "ನಾನೇ ಇರಬೇಕು ಸಾರ್."

"ಇರಬೇಕು ಅಂದ್ರೆ?"

"ನೆನಪಿಲ್ಲ. ಕುಡಿದಿದ್ದೆ. ಕುಡಿದಿದ್ದವನು ನಾನೇ ತಾನೆ?"

ಕುಡಿತ ಪತ್ತೆಹಚ್ಚುವ ಮಷೀನಿಗೆ ಇಬ್ಬರಿಂದಲೂ ಊದಿಸಿದರು. ಲೋಡರ್ ಊದಿದಾಗ ಮಷೀನು ಕಿರುಚಿಕೊಂಡಿತು. ಡ್ರೈವರ್ ಊದಿದಾಗ ಸೊನ್ನೆ ತೋರಿಸಿತು. ಮೂರೂವರೆಗೆ ಎಫ್‌ಐಆರ್ ಆಯಿತು. ಆರೋಪಿಯ ಜಾಗದಲ್ಲಿ ಲೋಡರನ ಹೆಸರು ಕೂತಿತು, ಜನ ತೃಪ್ತಿಯಿಂದ ಮನೆಗೆ ಹೋದರು. ಕುಡುಕ ಸಿಕ್ಕಿದ ಮೇಲೆ ಇನ್ನೇನು ಹುಡುಕುವುದಿದೆ?

ಸ್ಥಳದ ಪಂಚನಾಮೆಗೆ ಹೋದಾಗ ಮೀಸೆ ಟೇಪು ಹಿಡಿದು ರಸ್ತೆಯುದ್ದಕ್ಕೂ ಬಗ್ಗಿ ಬಗ್ಗಿ ನೋಡಿದ. ಬ್ರೇಕಿನ ಗುರುತು ಎಲ್ಲೂ ಇರಲಿಲ್ಲ. ಹೊಲಿಗೆ ಅಂಗಡಿಯ ಎದುರು ಮುದುಕನ ಕನ್ನಡಕ ಒಡೆಯದೆ ಬಿದ್ದಿತ್ತು. ಸ್ವಲ್ಪ ಮುಂದೆ ವ್ಯಾನು ನಿಂತಿತ್ತು, ರಸ್ತೆಯ ಅಂಚಿಗೆ ಗೆರೆ ಎಳೆದಷ್ಟು ನೆಟ್ಟಗೆ. ಹ್ಯಾಂಡ್‌ಬ್ರೇಕ್ ಎಳೆದಿತ್ತು. ಪಕ್ಕಕ್ಕೆ ತೆಗೆಯುವಾಗ ಹಾಕಿದ ಇಂಡಿಕೇಟರ್ ಇನ್ನೂ ಮಿನುಗುತ್ತಲೇ ಇತ್ತು.

"ಸಾರ್," ಎಂದ ಮೀಸೆ, "ಅಂಗಿ ಗುಂಡಿ ಹಾಕಿಕೊಳ್ಳೋಕೆ ಬರದವನು ಒಬ್ಬರನ್ನ ಸಾಯಿಸಿದ ಮೇಲೆ ಇಂಡಿಕೇಟರ್ ಹಾಕಿ, ಸೈಡಿಗೆ ತೆಗೆದು ಹೀಗೆ ನಿಲ್ಲಿಸಿದ ಅಂದ್ರೆ ನಾನು ಮೀಸೆ ಬೋಳಿಸ್ಕೋತೀನಿ."

ಇನ್ಸ್‌ಪೆಕ್ಟರ್ ಲೋಡರ್ ಕೂರುವ ಕಡೆಯ ಬಾಗಿಲು ತೆರೆದರು. ಸೀಟಿನ ಕೆಳಗೆ ಒಂದು ಹವಾಯಿ ಚಪ್ಪಲಿ ಬಿದ್ದಿತ್ತು. ಅದರ ಜೋಡಿ ಠಾಣೆಯ ಬೆಂಚಿನ ಮೇಲೆ ಕೂತಿದ್ದ ಲೋಡರನ ಕಾಲಲ್ಲಿತ್ತು. ಅವನು ಕೂತಿದ್ದದ್ದು ಇಲ್ಲಿ. ಚಪ್ಪಲಿ ಕಳಚಿ, ಕಾಲು ಮೇಲಿಟ್ಟುಕೊಂಡು ನಿದ್ದೆ ಹೊಡೆದಿದ್ದ. ಅದನ್ನು ಪಂಚರ ಮುಂದೆ ವಶಪಡಿಸಿಕೊಂಡರು.

"ಹಾಗಾದ್ರೆ ಡ್ರೈವರ್ರೇ ಓಡಿಸಿದ್ದು," ಎಂದ ಮೀಸೆ. "ಆದ್ರೆ ಅವನು ಊದಿದ್ದು ಸೊನ್ನೆ. ಗಾಡಿ ಮೆಲ್ಲಗೆ ಬಂದಿದೆ, ಬಿಸಿಲಿತ್ತು, ರಸ್ತೆ ಖಾಲಿ. ಯಾಕೆ ಗುದ್ದಿದ?"

"ಲಾಂಡ್ರಿಗೆ ನಡಿ," ಎಂದರು ಇನ್ಸ್‌ಪೆಕ್ಟರ್.

ಲಾಂಡ್ರಿ ಇದ್ದದ್ದು ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಶೆಡ್ಡಿನಲ್ಲಿ. ಒಳಗೆ ಹಬೆ, ಸೋಪಿನ ವಾಸನೆ, ಹಗ್ಗದ ಮೇಲೆ ಬಿಳಿ ಚಾದರಗಳು. ಗೇಟಿನ ವಾಚ್‌ಮನ್ ಗೂಡಿನೊಳಗೆ ಊದುವ ಮಷೀನೊಂದು ಮೊಳೆಗೆ ನೇತಾಡುತ್ತಿತ್ತು.

"ಆ ಡ್ರೈವರ್ರಿಂದಲೇ ಇದನ್ನ ತಂದದ್ದು ಸಾರ್," ಎಂದ ವಾಚ್‌ಮನ್. "ಆಗ ಕುಡೀತಿದ್ದ. ಈ ಗೇಟಿಗೇ ಎರಡು ಸಲ ಗುದ್ದಿದಾನೆ. ಊದದೆ ಯಾವ ಡ್ರೈವರ್ರೂ ಹೊರಗೆ ಹೋಗೋ ಹಾಗಿಲ್ಲ ಅಂದ್ರು ಮಾಲೀಕರು. ಅವತ್ತಿಂದ ಒಂದು ತೊಟ್ಟು ಮುಟ್ಟಿಲ್ಲ."

"ಲೋಡರ್?"

"ಅವನಿಗ್ಯಾಕೆ ಊದಿಸೋದು? ಅವನು ಓಡಿಸಲ್ಲವಲ್ಲ."

ಇಸ್ತ್ರಿ ಮೇಜಿನ ಹೆಂಗಸು ಚಾದರದ ಅಂಚು ಜೋಡಿಸುತ್ತಲೇ ನಕ್ಕಳು. "ಆ ಹುಡುಗ ಸ್ಟೇರಿಂಗ್ ಹಿಡಿಯೋದಾ? ತಳ್ಳೋ ಗಾಡೀನೇ ಗೋಡೆಗೆ ಹೊಡೀತಾನೆ. ಓಡಿಸೋದೆಲ್ಲ ನಮ್ಮ ಆಮೇನೇ."

"ಆಮೆ?"

"ಡ್ರೈವರ್ರನ್ನ ಹಾಗೇ ಕರೆಯೋದು ಸಾರ್. ಕುಡಿಯೋದು ಬಿಟ್ಟ ಮೇಲೆ ಅಷ್ಟು ನಿಧಾನ. ಹಿಂದಿನವರು ಹಾರ್ನ್ ಹೊಡೆದು ಹೊಡೆದು ಸುಸ್ತಾಗ್ತಾರೆ, ಇವನು ತಿರುಗೀನೂ ನೋಡಲ್ಲ."

ಇನ್ಸ್‌ಪೆಕ್ಟರ್ ವಾಚ್‌ಮನ್ ಕಡೆ ತಿರುಗಿದರು. ಅವನು ಮೊಳೆಯ ಮೇಲಿದ್ದ ಮಷೀನನ್ನು ಸುಮ್ಮನೆ ಸರಿಮಾಡಿದ.

"ಏನು ಸೇದ್ತಾನೆ?"

"ಬೀಡಿ..."

"ಬೀಡಿಯೊಳಗೆ?"

ವಾಚ್‌ಮನ್ ಬಾಯ್ಲರಿನ ಹಿಂಬದಿಯ ಕಿರಿದಾದ ಜಾಗ ತೋರಿಸಿದ. ಗೋಡೆಗೆ ಒರಗಿಸಿಟ್ಟ ಸ್ಟೂಲು, ಕಾಲಡಿ ಬೂದಿ, ತಗಡಿನ ಡಬ್ಬಿಯಲ್ಲಿ ಒಣಗಿದ ಸೊಪ್ಪು. ಗಾಂಜಾ ಎಂದು ಮೀಸೆ ಮೂಸಿಯೇ ಹೇಳಿದ.

"ಊಟ ಆದ ಮೇಲೆ ಇಲ್ಲಿ ಕೂತಿದ್ದು, ಗೇಟಲ್ಲಿ ಊದಿ, ಗಾಡಿ ತೆಗೀತಾನೆ," ಎಂದ ವಾಚ್‌ಮನ್. "ಇವತ್ತೂ ಹಾಗೇ. ಅದು ಕುಡಿತ ಅಲ್ಲವಲ್ಲ ಸಾರ್. ಊದಿದ್ರೆ ಸೊನ್ನೆ ಬರುತ್ತೆ. ಯಾರಿಗೂ ತೊಂದ್ರೆ ಇರಲಿಲ್ಲ."

ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭವಿತ್ತು. ಆದರೆ ಒಂದೂವರೆ ಗಂಟೆ ಮುಂಚೆ ಠಾಣೆಯಲ್ಲಿ ಪೊಲೀಸರು ಮಾಡಿದ್ದೂ ಅದನ್ನೇ. ಸೊನ್ನೆ ನೋಡಿ ಒಬ್ಬನನ್ನು ಬಿಟ್ಟು, ಕಿರುಚಿದ ಮಷೀನು ನೋಡಿ ಇನ್ನೊಬ್ಬನನ್ನು ಹಿಡಿದಿದ್ದರು. ಇನ್ಸ್‌ಪೆಕ್ಟರಿಗೆ ನಾಚಿಕೆಯಾಯಿತು. ನಾಚಿಕೆಯೂ ದವಡೆಯ ಹಾಗೆ ಎಲ್ಲೋ ದೂರದಲ್ಲಿತ್ತು. "ಸಾರ್, ತುಟಿ ಕಚ್ಕೊಂಡಿದ್ದೀರಿ, ರಕ್ತ ಬರ್ತಿದೆ," ಎಂದು ಮೀಸೆ ಕರವಸ್ತ್ರ ಕೊಟ್ಟ. ಅವರಿಗೆ ಗೊತ್ತೇ ಆಗಿರಲಿಲ್ಲ.

ಐದು ಗಂಟೆಗೆ ಡ್ರೈವರನ್ನು ಆಸ್ಪತ್ರೆಗೆ ಕರೆದೊಯ್ದು ರಕ್ತ ತೆಗೆಸಿದರು. ಡ್ಯೂಟಿ ಡಾಕ್ಟರು ಅವನ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಒಂಟಿ ಕಾಲಲ್ಲಿ ನಿಲ್ಲಿಸಿದರು, ನಿಂತುಕೊಂಡೇ ಎಣಿಸಲು ಹೇಳಿದರು. ನಿಲ್ಲುವಾಗ ಎಣಿಕೆ ಮರೆತ. ಎಣಿಸುವಾಗ ಕಾಲು ಕೆಳಗಿಟ್ಟ.

"ಯಾವುದು ಹೆಚ್ಚು ಕೆಟ್ಟದ್ದು ಡಾಕ್ಟರೇ?" ಮೀಸೆ ಹೊರಗೆ ಕೇಳಿದ. "ಕುಡಿದು ಓಡಿಸೋದಾ, ಇದನ್ನ ಸೇದಿ ಓಡಿಸೋದಾ?"

"ಒಟ್ಟಾರೆ ನೋಡಿದರೆ ಕುಡಿತ. ಅದರಲ್ಲಿ ಅನುಮಾನ ಬೇಡ," ಎಂದರು ಡಾಕ್ಟರು. "ಕುಡಿದವನಿಗೆ ತಾನು ಬಹಳ ಹುಷಾರು ಅನ್ನಿಸುತ್ತೆ, ಜೋರಾಗಿ ಹೊಡೀತಾನೆ. ಇದನ್ನ ಸೇದಿದವನಿಗೆ ತಾನು ಸರಿ ಇಲ್ಲ ಅಂತ ಎಷ್ಟೋ ಸಲ ಗೊತ್ತಿರುತ್ತೆ, ಅದಕ್ಕೇ ನಿಧಾನಕ್ಕೆ ಹೋಗ್ತಾನೆ. ಖಾಲಿ ರಸ್ತೆಯಲ್ಲಿ ಬಚಾವಾಗ್ತಾನೆ. ಆದರೆ ದಿಢೀರ್ ಅಂತ ಯಾರಾದರೂ ಅಡ್ಡ ಬಂದರೆ ಕಣ್ಣು ನೋಡಿದ್ದು ಕಾಲಿಗೆ ತಲುಪೋದು ತಡ. ಎರಡೂ ಸೇರಿದರಂತೂ ಕೇಳಲೇಬೇಡಿ."

"ರಕ್ತದಲ್ಲಿ ಗೊತ್ತಾಗುತ್ತಲ್ಲ?"

"ಸೇದಿದ್ದು ಗೊತ್ತಾಗುತ್ತೆ. ಆದ್ರೆ ದಿನಾ ಸೇದೋವನ ರಕ್ತದಲ್ಲಿ ಅದು ದಿನಗಟ್ಟಲೆ ಇರಬಹುದು. ಅದೊಂದನ್ನೇ ನಂಬಬೇಡಿ. ಈಗ ನಾನು ಕಂಡದ್ದನ್ನ ಬರೆದುಕೊಡ್ತೀನಿ, ಅದನ್ನೂ ಇಟ್ಕೊಳ್ಳಿ."

ಠಾಣೆಗೆ ಮರಳಿದ ಮೇಲೆ ಇನ್ಸ್‌ಪೆಕ್ಟರ್ ಡ್ರೈವರನ ಮುಂದೆ ಹವಾಯಿ ಚಪ್ಪಲಿ ಮತ್ತು ತಗಡಿನ ಡಬ್ಬಿ ಇಟ್ಟರು. ಅವನು ಎರಡನ್ನೂ ನೋಡಿದ.

"ನೀನೇ ಓಡಿಸಿದ್ದು."

"ಹೌದು ಸಾರ್."

"ಬಾಮೈದನ ಮೇಲೆ ಯಾಕೆ ಹಾಕಿದೆ?"

"ಅವನು ಹೇಗಿದ್ರೂ ಕುಡಿದಿದ್ದ. ಜನ ಅವನನ್ನೇ ಹಿಡ್ಕೊಂಡ್ರು. ನಾನು ಅಲ್ಲ ಅನ್ನಲಿಲ್ಲ. ಆಮೇಲೆ ಅನ್ನೋಕೆ ಬಾಯಿ ಬರಲಿಲ್ಲ."

"ಮುದುಕರನ್ನ ನೋಡಲಿಲ್ವಾ?"

"ನೋಡಿದೆ. ಕೈ ಎತ್ತಿದ್ರು. ನಿಲ್ಲಿಸಬೇಕು ಅಂದ್ಕೊಂಡೆ." ಅವನು ತನ್ನ ಬಲಗಾಲು ನೋಡಿಕೊಂಡ. "ನಿಲ್ಲಿಸ್ತಾ ಇದೀನಿ ಅಂತಲೇ ಇದ್ದೆ ಸಾರ್. ಆಮೇಲೆ ಸದ್ದು ಬಂತು. ಆಗ ನೋಡಿದ್ರೆ ಕಾಲು ಇನ್ನೂ ಬ್ರೇಕಿನ ಮೇಲೆ ಇರಲಿಲ್ಲ."

ಆರೂವರೆಗೆ ಅವನನ್ನು ಬಂಧಿಸಿದರು. ಲೋಡರನನ್ನು ಬಿಡುವಾಗ ವಿಷಯ ತಿಳಿಸಿದರು. ಅವನಿಗೆ ನಶೆ ಇಳಿದಿತ್ತು. "ನಾನಲ್ವಾ?" ಎಂದು ಎರಡು ಸಲ ಕೇಳಿ, ಗೋಡೆಗೆ ಮುಖ ಮಾಡಿ ಬಿಕ್ಕಿ ಬಿಕ್ಕಿ ಅತ್ತ. ಇಡೀ ಮಧ್ಯಾಹ್ನ ಕೊಲೆಗಾರನಾಗಿ ಬೆಂಚಿನ ಮೇಲೆ ಕೂತಿದ್ದವನು ಅವನೊಬ್ಬನೇ.

ಬಂಧನದ ವಿಷಯ ಮನೆಯವರಿಗೆ ತಿಳಿಸಿ ಸಹಿ ಪಡೆಯಬೇಕು. ಡ್ರೈವರನ ಹೆಂಡತಿ ಆಗಲೇ ಹೊರಗೆ ನಿಂತಿದ್ದಳು, ಎರಡು ಊಟದ ಡಬ್ಬಿ ಹಿಡಿದುಕೊಂಡು. ಒಂದು ಗಂಡನಿಗೆ, ಒಂದು ತಮ್ಮನಿಗೆ.

"ಕುಡಿದಿದ್ರಾ?" ಎಂದು ಮೊದಲು ಕೇಳಿದಳು.

"ಇಲ್ಲಮ್ಮ. ಊದಿಸಿದ್ವಿ. ಸೊನ್ನೆ."

ಅವಳು ತಲೆಯಾಡಿಸಿದಳು. "ಸೇದೋದು ಗೊತ್ತಿತ್ತು ಸಾರ್ ನನಗೆ. ಕುಡೀತಿದ್ದಾಗ ನಮ್ಮನೇಲಿ ಒಂದು ಪಾತ್ರೆ ನೆಟ್ಟಗಿರಲಿಲ್ಲ. ನನ್ನ ಕೈ ಎರಡು ಸಲ ಮುರಿದಿದೆ. ಇದು ಶುರುವಾದ ಮೇಲೆ ಮಗಳಿಗೆ ಜಡೆ ಹಾಕೋರು, ನಗೋರು. ಒಂದ್ಸಲ ಇದನ್ನೂ ಬಿಡ್ತೀನಿ ಅಂದ್ರು. ನಾನೇ ಬೇಡ ಅಂದೆ. ಇದನ್ನ ಬಿಟ್ರೆ ಮತ್ತೆ ಅದಕ್ಕೆ ಹೋಗ್ತಾರೆ ಅಂತ ಹೆದರಿಕೆ. ಎರಡರಲ್ಲಿ ಇದೇ ವಾಸಿ ಅಂತಿದ್ದೆ." ಅವಳು ಪೆನ್ನು ತೆಗೆದುಕೊಂಡಳು. "ನನ್ನ ಹೆಸರೂ ಬರ್ಕೊಳ್ತೀರಾ?"

"ಇಲ್ಲ. ಅದಕ್ಕೆ ಕಲಂ ಇಲ್ಲ."

ಸಹಿ ಮಾಡಿದಳು. ಒಂದು ಡಬ್ಬಿ ಮೇಜಿನ ಮೇಲಿಟ್ಟು, ತಮ್ಮನ ಕೈ ಹಿಡಿದು ಮೆಟ್ಟಿಲು ಇಳಿದಳು. ಅವನು ಬರಿಗಾಲಲ್ಲಿದ್ದ. ಚಪ್ಪಲಿ ಈಗ ಸಾಕ್ಷ್ಯ.

ಅವರು ಹೋಗುವಾಗ ಹೊಲಿಗೆ ಅಂಗಡಿಯ ಸೊಸೆ ಒಳಗೆ ಬಂದಳು. ಶವ ಪಡೆದದ್ದಕ್ಕೆ ಸಹಿ ಹಾಕುವುದಿತ್ತು. ಅದನ್ನು ಮುಗಿಸಿ ಮೇಜಿನ ಮೇಲಿದ್ದ ತನ್ನ ಕತ್ತರಿಯನ್ನು ನೋಡುತ್ತ ನಿಂತಳು.

"ಯಾಕೆ ನಿಲ್ಲಲಿಲ್ಲ ಅಂತ ಗೊತ್ತಾಯ್ತಾ ಸಾರ್? ಎಲ್ಲರೂ ಮಾವನದ್ದೇ ತಪ್ಪು ಅಂತಿದಾರೆ. ವಯಸ್ಸಾದವರು, ನೋಡ್ಕೊಂಡು ದಾಟಬೇಕಿತ್ತು ಅಂತ."

ಇನ್ಸ್‌ಪೆಕ್ಟರಿಗೆ ಆಗಷ್ಟೇ ದವಡೆಯಲ್ಲಿ ನೋವು ಏಳುತ್ತಿತ್ತು. ಮರಗಟ್ಟಿದ್ದ ಕೆನ್ನೆ ಚುರುಗುಟ್ಟಿತು, ಕಚ್ಚಿಕೊಂಡ ತುಟಿ ಉರಿಯಿತು. ಹೇಳಲೋ ಬೇಡವೋ ಎಂದು ಯೋಚಿಸಿದರು.

"ನಿಮ್ಮ ಮಾವನ ತಪ್ಪಲ್ಲಮ್ಮ. ಓಡಿಸ್ತಿದ್ದವನು ನಶೆಯಲ್ಲಿದ್ದ. ನಿಲ್ಲಿಸ್ತಾ ಇದೀನಿ ಅಂದ್ಕೊಂಡಿದ್ದನಂತೆ."

ಅವಳು ಕೊರಳಿನ ಟೇಪು ತೆಗೆದು ಬೆರಳಿಗೆ ಮೆಲ್ಲಗೆ ಸುತ್ತತೊಡಗಿದಳು.

"ನಿಲ್ಲಿಸ್ತಾ ಇದಾನೆ ಅಂತ ಮಾವನೋರೂ ಅಂದ್ಕೊಂಡ್ರು ಸಾರ್," ಎಂದಳು.

ಆಮೇಲೆ ಕತ್ತರಿ ತೆಗೆದುಕೊಂಡು ಹೋದಳು.